ತಪ್ಪನ್ನು ತಿದ್ದುವವರು ಯಾರು?
(ಬ್ಯಾಕ್ಟೀರಿಯಾಗಳ ಡಿ.ಎನ್.ಎ. ದುರಸ್ತಿ ಪ್ರೋಟೀನುಗಳ ವಿಚಾರ)

ಕಳೆದ ಮಳೆಗಾಲದಲ್ಲಿ ಜೀವಶಾಸ್ತ್ರದ ಉಪಾಧ್ಯಾಯರು ಕೆಲವು ದಿನ ರಜೆಯಲ್ಲಿದ್ದುದರಿಂದ ಹತ್ತನೆಯ ತರಗತಿಯ ಆ ಪಾಠವನ್ನು ನಾವೇ ವಹಿಸಿಕೊಳ್ಳಬೇಕಾಗಿ ಬಂದಿತು. ನಾವು ಓದಿದುದು ಬಿ.ಎ.; ಕಲಿಸುತ್ತ ಬಂದುದು ಚರಿತ್ರೆ ಮತ್ತು ಭಾಷೆ. ಆದರೂ ಪುಸ್ತಕವನ್ನು ಮುಂದಿಟ್ಟುಕೊಂಡು, ಜೀವಕೋಶವು ಇಬ್ಭಾಗವಾಗುವುದಕ್ಕೆ ಮೊದಲು ತನ್ನಲ್ಲಿರುವ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳುತ್ತದೆಂದೂ, ಹಿಂದಿನವರು ಓಲೆಗರಿಯ ಗ್ರಂಥವನ್ನು ಪ್ರತಿ ಮಾಡುತ್ತಿದ್ದಂತೆಯೇ ಇದೆಂದೂ ವಿವರಿಸಿದೆವು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಮಾಷ್ಟ್ರೇ, ನಕಲು ಮಾಡುವಾಗ ತಪ್ಪಾದರೆ ತಿದ್ದುವವರು ಯಾರು? ಅಲ್ಲಿ ಮಾಷ್ಟ್ರು ಇಲ್ಲವಲ್ಲ!" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಗಂಟೆ ಬಾರಿಸಿ ನಮ್ಮನ್ನು ಕಾಪಾಡಿತು.

ಪ್ರಶ್ನೆಯೇನೋ ನಗೆಯಲ್ಲಿ ಮುಗಿಯಿತು. ಆದರೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕ ವಿಜ್ಞಾನಿಗಳು ತಮ್ಮ ಆಯುಷ್ಯವನ್ನೆಲ್ಲ ಸವೆಸಿದುದು ಇದೇ ಪ್ರಶ್ನೆಯ ಬೆನ್ನುಹತ್ತಿ. ಅವರಲ್ಲಿ ಮೂವರಿಗೆ ೨೦೧೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ಹುಡುಗನಿಗೆ ನಾವು ಸಲ್ಲಿಸಬೇಕಾಗಿದ್ದ ಉತ್ತರವನ್ನು, ಓದಿ ತಿಳಿದುಕೊಂಡು, ಈ ಲೇಖನದ ಮೂಲಕ ತೀರಿಸುತ್ತಿದ್ದೇವೆ. ಮಕ್ಕಳೊಡನೆ ತಾಯ್ತಂದೆಗಳೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ. ಏಕೆಂದರೆ ಕೊನೆಯಲ್ಲಿ ಬರುವ ಸಂಗತಿಯೊಂದು ಪ್ರತಿಯೊಂದು ಮನೆಯ ಔಷಧದ ಕಪಾಟಿಗೂ ಸಂಬಂಧಿಸಿದುದಾಗಿದೆ.

ಬರವಣಿಗೆ ಮತ್ತು ಬರೆಹಗಾರ

ಬ್ಯಾಕ್ಟೀರಿಯಾಗಳೆಂದರೆ ಒಂದೇ ಜೀವಕೋಶದಿಂದಾದ ಅತಿ ಸಣ್ಣ ಜೀವಿಗಳು. ಹಾಲನ್ನು ಮೊಸರಾಗಿಸುವವು ಅವುಗಳಲ್ಲಿ ಕೆಲವು. ಕ್ಷಯ, ಕಾಲರಾ, ವಿಷಮಶೀತಜ್ವರಗಳನ್ನು ತರುವವು ಮತ್ತೆ ಕೆಲವು. ವಿಜ್ಞಾನಿಗಳು ಎಲ್ಲಕ್ಕಿಂತ ಹೆಚ್ಚಾಗಿ ಪರಿಶೀಲಿಸಿರುವುದು ನಮ್ಮ ಕರುಳಿನಲ್ಲಿ ವಾಸಿಸುವ ಎಷೆರಿಶಿಯಾ ಕೋಲೈ ಎಂಬುದನ್ನು. ಇದನ್ನು ಸಂಕ್ಷೇಪವಾಗಿ ಇ. ಕೋಲೈ ಎನ್ನುತ್ತಾರೆ. ಇದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು ಮಾತ್ರ. ಇದರೊಳಗೆ ಮಡಿಚಿಟ್ಟಿರುವ ಡಿ.ಎನ್.ಎ. ಎಳೆಯನ್ನು ಬಿಡಿಸಿ ನೀಡಿದರೆ ಅದು ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಎಂದರೆ ಜೀವಿಯ ಮೈಗಿಂತ ಅದರ ಗ್ರಂಥವೇ ಏಳೆಂಟು ನೂರು ಪಟ್ಟು ಉದ್ದ!

ಈ ಗ್ರಂಥದಲ್ಲಿರುವ ಅಕ್ಷರಗಳು ನಾಲ್ಕೇ: ಅಡಿನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು, ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯು ತೆಗೆದಿದ್ದ ಎಕ್ಸ್‌ರೇ ಚಿತ್ರಗಳ ಆಧಾರವನ್ನೂ ಹಿಡಿದು, ಡಿ.ಎನ್.ಎ.ಯು ಹುರಿಗೊಂಡ ಎರಡು ಎಳೆಗಳ ಹಗ್ಗವೆಂದು ತೋರಿಸಿದರು. ಒಂದು ಎಳೆಯಲ್ಲಿ ಅಡಿನೀನ್ ಇದ್ದೆಡೆ ಎದುರಿನ ಎಳೆಯಲ್ಲಿ ಥೈಮೀನ್ ಇರಬೇಕು; ಗ್ವಾನೀನ್ ಇದ್ದೆಡೆ ಸೈಟೋಸೀನ್ ಇರಬೇಕು. ಇದು ತಪ್ಪದ ನಿಯಮ. ಇ. ಕೋಲೈಯಲ್ಲಿ ಇಂತಹ ಜೋಡಿ ಅಕ್ಷರಗಳು ಸುಮಾರು ೪೬ ಲಕ್ಷ ಇವೆಯೆಂದು ೧೯೯೭ರಲ್ಲಿ ಪೂರ್ಣವಾಗಿ ಓದಿ ತಿಳಿಯಲಾಯಿತು.

ಈ ಜೋಡಿಯ ನಿಯಮದಲ್ಲಿಯೇ ಎಲ್ಲ ದುರಸ್ತಿಯ ಗುಟ್ಟು ಅಡಗಿದೆ. ಜಮೀನಿನ ಕರಾರುಪತ್ರವನ್ನು ಎರಡು ಪ್ರತಿ ಮಾಡಿ ಇಬ್ಬರೂ ಒಂದೊಂದನ್ನು ಇಟ್ಟುಕೊಳ್ಳುವುದುಂಟಷ್ಟೆ. ಒಂದು ಪ್ರತಿಗೆ ಗೆದ್ದಲು ಹಿಡಿದರೂ ಮತ್ತೊಂದನ್ನು ನೋಡಿ ಅದನ್ನು ಸರಿಪಡಿಸಬಹುದು. ಹಾಗೆಯೇ ಡಿ.ಎನ್.ಎ.ಯ ಒಂದು ಎಳೆ ಕೆಟ್ಟರೂ ಅಲ್ಲಿ ಏನು ಬರೆದಿತ್ತೆಂಬುದನ್ನು ಎದುರಿನ ಎಳೆಯು ನೆನಪಿಟ್ಟುಕೊಂಡಿರುತ್ತದೆ.

ಇನ್ನು ಪ್ರೋಟೀನು. ಬೇಳೆಯಲ್ಲಿಯೂ ಮೊಟ್ಟೆಯಲ್ಲಿಯೂ ಇರುವ ಪೋಷಕಾಂಶವೆಂದೇ ನಮ್ಮಲ್ಲಿ ಅನೇಕರು ಇದನ್ನು ಬಲ್ಲರು. ಆದರೆ ಜೀವಕೋಶದಲ್ಲಿ ಪ್ರೋಟೀನೆಂದರೆ ಕೆಲಸಗಾರ; ಕೆಲಸಗಾರನೂ ಅದೇ, ಅವನ ಕೈಯ ಉಳಿ ಸುತ್ತಿಗೆಗಳೂ ಅದೇ. ಅಮೈನೋ ಆಮ್ಲಗಳೆಂಬ ೨೦ ಬಗೆಯ ಮಣಿಗಳನ್ನು ನೂರಾರು ಸಂಖ್ಯೆಯಲ್ಲಿ ಪೋಣಿಸಿದ ಸರವೊಂದು ತನಗೆ ತಾನೇ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಆ ಆಕಾರವಿದ್ದಂತೆ ಅದರ ಕೆಲಸ. ಕತ್ತರಿಯ ಆಕಾರವುಳ್ಳದ್ದು ಕತ್ತರಿಸುತ್ತದೆ, ಇಕ್ಕಳದಂತಹದು ಹಿಡಿಯುತ್ತದೆ. ಮುಂದೆ ನಾವು ಪರಿಚಯಿಸಲಿರುವ ದುರಸ್ತಿಗಾರರೆಲ್ಲರೂ ಇಂತಹ ಪ್ರೋಟೀನುಗಳೇ.

ಬಿಸಿಲು ಕೆಡಿಸಿದುದನ್ನು ಬೆಳಕು ಸರಿಪಡಿಸುವುದು

ಮಳೆ ಬಿಟ್ಟ ಮೇಲೆ ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಇದೆಯಲ್ಲವೆ? ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಡಿ.ಎನ್.ಎ.ಗೆ ತಗುಲಿದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮೀನುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಕಲು ಮಾಡುವ ಪ್ರೋಟೀನು ಅಲ್ಲಿಗೆ ಬಂದು ಮುಗ್ಗರಿಸಿ ನಿಲ್ಲುತ್ತದೆ. ಇಂತಹ ಬೆಸುಗೆಗಳು ಹೆಚ್ಚಾದರೆ ಬ್ಯಾಕ್ಟೀರಿಯಾ ಸಾಯುತ್ತದೆ.

೧೯೪೯ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಆಲ್ಬರ್ಟ್ ಕೆಲ್ನರ್ ಎಂಬ ವಿಜ್ಞಾನಿಯು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾವನ್ನು ನೇರಳಾತೀತ ಕಿರಣಗಳಿಗೆ ಒಡ್ಡಿ ಎಷ್ಟು ಬದುಕುತ್ತವೆಂದು ಎಣಿಸುತ್ತಿದ್ದನು. ಕಿರಣದ ಪ್ರಮಾಣ ಒಂದೇ ಇದ್ದರೂ ಒಂದು ದಿನದ ಲೆಕ್ಕ ಮತ್ತೊಂದು ದಿನಕ್ಕೆ ತಾಳೆಯಾಗದು. ಉಷ್ಣತೆಯ ವ್ಯತ್ಯಾಸವೇ ಕಾರಣವೆಂದು ಮೊದಲು ಊಹಿಸಿದನು, ಅದು ಸುಳ್ಳಾಯಿತು. ಕಡೆಗೆ, ಕಿರಣ ಬಿದ್ದ ಮೇಲೆ ಸಾಮಾನ್ಯ ಬೆಳಕು ಸೋಕಿದವು ಬದುಕುತ್ತವೆ, ಕತ್ತಲೆಯಲ್ಲಿಟ್ಟವು ಸಾಯುತ್ತವೆ ಎಂಬುದು ಹೊರಬಿದ್ದಿತು. ಬೆಳಕಿನಿಂದ ಬದುಕಿ ಉಳಿದವುಗಳ ಸಂಖ್ಯೆ ಲಕ್ಷ ಪಟ್ಟಿಗೂ ಮೀರಿತ್ತು! ತಾಳೆಯಾಗದ ಲೆಕ್ಕವನ್ನು ಒರಸಿಹಾಕದೆ ಅದರ ಕಾರಣವನ್ನು ಹುಡುಕಿದುದರಿಂದಲೇ ಅವನಿಗೆ ಹೊಸ ಸಂಗತಿಯೊಂದು ದೊರೆಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ಕೆಲಸವನ್ನು ಮಾಡುವ ಪ್ರೋಟೀನಿಗೆ ಫೋಟೊಲಯೇಸ್ ಎಂದು ಹೆಸರು. ಇ. ಕೋಲೈಯಲ್ಲಿ ಇದು ಸುಮಾರು ೪೭೦ ಮಣಿಗಳ ಒಂದು ಸರ. ಇದರೊಡಲಲ್ಲಿ ಎರಡು ಸಹಾಯಕ ಅಣುಗಳಿವೆ. ಎರಡೂ ಬಿ ಗುಂಪಿನ ಜೀವಸತ್ವಗಳ ಬಳಗದವು. ಒಂದು ಬೆಳಕನ್ನು ಹಿಡಿದು ಕೊಡುತ್ತದೆ. ಇನ್ನೊಂದು ಆ ಶಕ್ತಿಯನ್ನು ಪಡೆದು, ಬೆಸೆದುಕೊಂಡಿರುವ ಥೈಮೀನುಗಳಿಗೆ ಒಂದು ಎಲೆಕ್ಟ್ರಾನನ್ನು ಕೊಡುತ್ತದೆ. ಬೆಸುಗೆ ಬಿಚ್ಚುತ್ತದೆ, ಎಲೆಕ್ಟ್ರಾನು ಹೊರಟಲ್ಲಿಗೇ ಮರಳುತ್ತದೆ. ಏನನ್ನೂ ಕತ್ತರಿಸಲಿಲ್ಲ, ಏನನ್ನೂ ಹೊಸದಾಗಿ ಸೇರಿಸಲಿಲ್ಲ. ಗಂಟನ್ನು ಬಿಚ್ಚಿದಷ್ಟೇ ಆಯಿತು. ಒಂದು ಕೋಶದಲ್ಲಿ ಈ ಪ್ರೋಟೀನಿನ ಹತ್ತಿಪ್ಪತ್ತು ಅಣುಗಳು ಮಾತ್ರ ಇರುವುದರಿಂದ ಇದನ್ನು ಬೇರ್ಪಡಿಸಿ ನೋಡುವುದು ಬಹಳ ಕಷ್ಟವಾಗಿತ್ತು. ತುರ್ಕಿ ದೇಶದಲ್ಲಿ ವೈದ್ಯನಾಗಿದ್ದು ಅನಂತರ ಅಮೆರಿಕಕ್ಕೆ ಹೋಗಿ ಸಂಶೋಧಕನಾದ ಅಜೀಜ್ ಸಂಜರ್ ಎಂಬವರು ಇದರ ಜೀನನ್ನೇ ಹಿಡಿದು, ಪ್ರೋಟೀನನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ತೆರೆದರು. ಸೋಜಿಗವೆಂದರೆ, ಗಿಡಮರಗಳಲ್ಲಿಯೂ ಕಪ್ಪೆಗಳಲ್ಲಿಯೂ ಕಾಂಗರೂವಿನಲ್ಲಿಯೂ ಇರುವ ಈ ಪ್ರೋಟೀನು ಮನುಷ್ಯನಲ್ಲಿ ಇಲ್ಲ.

ಕತ್ತಲೆಯ ಆಚಾರಿಗಳು

ಬೆಳಕಿಲ್ಲದ ಕರುಳಿನಲ್ಲಿರುವ ಬ್ಯಾಕ್ಟೀರಿಯಾದ ಗತಿಯೇನು? ೧೯೬೪ರಲ್ಲಿ ಸೆಟ್ಲೋ ಮತ್ತು ಕ್ಯಾರಿಯರ್ ಎಂಬವರೂ, ಬೇರೆಯಾಗಿ ಬಾಯ್ಸ್ ಮತ್ತು ಹೋವರ್ಡ್-ಫ್ಲಾಂಡರ್ಸ್ ಎಂಬವರೂ, ಕತ್ತಲೆಯಲ್ಲಿಯೂ ಈ ಕೆಟ್ಟ ಥೈಮೀನುಗಳು ಎಳೆಯಿಂದ ಕತ್ತರಿಸಲ್ಪಟ್ಟು ಹೊರಬರುತ್ತವೆಂದು ಕಂಡುಕೊಂಡರು. ಈ ಕೆಲಸದಲ್ಲಿ ಯುವಿಆರ್-ಎ, ಯುವಿಆರ್-ಬಿ, ಯುವಿಆರ್-ಸಿ ಎಂಬ ಮೂರು ಪ್ರೋಟೀನುಗಳು ಒಟ್ಟುಗೂಡುತ್ತವೆ.

ಮನೆಯ ತೊಲೆಯೊಂದರ ನಡುವೆ ಹುಳು ಹಿಡಿದಿದೆಯೆನ್ನೋಣ. ಆಚಾರಿಯು ಮೊದಲು ತಟ್ಟಿ ನೋಡಿ ಕೆಟ್ಟ ಜಾಗವನ್ನು ಗುರುತಿಸುತ್ತಾನೆ. ಉಳಿಯ ಮೊನೆಯನ್ನು ತೂರಿಸಿ ಖಚಿತಪಡಿಸಿಕೊಳ್ಳುತ್ತಾನೆ. ಆಮೇಲೆ ಆಚೆಯೂ ಈಚೆಯೂ ಸ್ವಲ್ಪ ಗಟ್ಟಿ ಮರವನ್ನು ಸೇರಿಸಿಯೇ ಕೊಯ್ದು ತೆಗೆದು, ಅಳತೆಗೆ ಸರಿಯಾದ ಹೊಸ ತುಂಡನ್ನು ಕೂರಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ಯುವಿಆರ್-ಎ ಎಂಬುದರ ಜೋಡಿಯು ಎಳೆಯ ಮೇಲೆ ಎಲ್ಲಿ ಡೊಂಕು ಬಂದಿದೆಯೆಂದು ತಟ್ಟಿ ನೋಡುತ್ತದೆ. ಯುವಿಆರ್-ಬಿಯಲ್ಲಿ ಕೊಕ್ಕೆಯಂತೆ ಚಾಚಿದ ಒಂದು ಭಾಗವಿದೆ; ಅದನ್ನು ಎರಡು ಎಳೆಗಳ ನಡುವೆ ತೂರಿಸಿ ಕೆಟ್ಟ ಎಳೆ ಯಾವುದೆಂದು ನಿಶ್ಚಯಿಸುತ್ತದೆ. ಅಷ್ಟರಲ್ಲಿ ಮೊದಲನೆಯದು ತನ್ನ ಕೆಲಸ ಮುಗಿಯಿತೆಂದು ಸರಿಯುತ್ತದೆ. ಆಗ ಯುವಿಆರ್-ಸಿ ಬಂದು ಕೆಟ್ಟ ಜಾಗದ ಎರಡೂ ಕಡೆ ಕತ್ತರಿ ಹಾಕುತ್ತದೆ. ಹೊರಬರುವ ತುಂಡಿನ ಉದ್ದ ೧೨ ಅಥವಾ ೧೩ ಅಕ್ಷರ. ಯುವಿಆರ್-ಡಿ ಎಂಬ ನಾಲ್ಕನೆಯದು ಆ ತುಂಡನ್ನು ಬಿಡಿಸಿ ಎತ್ತುತ್ತದೆ. ಡಿ.ಎನ್.ಎ. ಪಾಲಿಮರೇಸ್ ಎಂಬ ಬರೆಹಗಾರನು ಎದುರಿನ ಎಳೆಯನ್ನು ನೋಡಿ ಖಾಲಿ ಜಾಗವನ್ನು ತುಂಬುತ್ತಾನೆ. ಕಡೆಯ ಸಂದನ್ನು ಲೈಗೇಸ್ ಎಂಬುದು ಬೆಸೆಯುತ್ತದೆ. ಈ ಪ್ರೋಟೀನುಗಳು ಎರಡು ಕಡೆ ಕತ್ತರಿಸುವುದನ್ನು ೧೯೮೩ರಲ್ಲಿ ಪ್ರಯೋಗನಳಿಕೆಯಲ್ಲಿ ಮಾಡಿ ತೋರಿಸಿದವರು ಅದೇ ಸಂಜರ್ ಮತ್ತು ಅವರ ಜೊತೆಗಾರ ರಪ್.

ಒಂದೊಂದು ಕೇಡಿಗೆ ಒಬ್ಬೊಬ್ಬ ಕೆಲಸಗಾರ

ಬಿಸಿಲು ಬೇಡ, ವಿಷ ಬೇಡ. ಸುತ್ತಲಿನ ನೀರಿನಿಂದಲೇ ಡಿ.ಎನ್.ಎ. ಸವೆಯುತ್ತದೆ. ಸೈಟೋಸೀನ್ ತನ್ನಷ್ಟಕ್ಕೆ ಒಂದು ಭಾಗವನ್ನು ಕಳೆದುಕೊಂಡು ಯುರಾಸಿಲ್ ಎಂಬ, ಈ ಗ್ರಂಥಕ್ಕೆ ಸೇರದ ಅಕ್ಷರವಾಗುತ್ತದೆ. ಡಿ.ಎನ್.ಎ.ಯು ಕಲ್ಲಿನ ಶಾಸನದಂತೆ ಸ್ಥಿರವಲ್ಲ, ಅದೂ ಸವೆಯುವ ವಸ್ತುವೇ ಎಂದು ಮನಗಾಣಿಸಿದವರು ಸ್ವೀಡನ್ನಿನ ಟೋಮಾಸ್ ಲಿಂಡಾಲ್. ಹಾಗೆ ಸವೆಯುವುದು ನಿಜವಾದರೆ ತಿದ್ದುವವರೂ ಇರಲೇಬೇಕೆಂದು ತರ್ಕಿಸಿ, ಅವರು ೧೯೭೪ರಲ್ಲಿ ಇ. ಕೋಲೈಯಿಂದ ಯುರಾಸಿಲ್ ಗ್ಲೈಕೊಸಿಲೇಸ್ ಎಂಬ ಪ್ರೋಟೀನನ್ನು ಹೊರತೆಗೆದರು. ಇದರ ಗರ್ಭದಲ್ಲಿ ಯುರಾಸಿಲ್‌ಗೆ ಮಾತ್ರ ಸರಿಹೋಗುವ ಒಂದು ಸಣ್ಣ ಗೂಡಿದೆ. ಎಳೆಯಿಂದ ಅಕ್ಷರವನ್ನು ಹೊರಕ್ಕೆ ತಿರುಗಿಸಿ ಆ ಗೂಡಿನಲ್ಲಿ ಕೂರಿಸಿ ನೋಡುತ್ತದೆ. ಯುರಾಸಿಲ್ ಆಗಿದ್ದರೆ ಮಾತ್ರ ಕಿತ್ತುಬಿಡುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಅಕ್ಷರವೊಂದನ್ನೇ ತೆಗೆದು ಎಳೆಯನ್ನು ಹಾಗೆಯೇ ಬಿಡುತ್ತದೆ. ಆಮೇಲೆ ಬೇರೆಯವರು ಬಂದು ಬರಿದಾದ ಸ್ಥಾನವನ್ನು ಬಿಡಿಸಿ ತುಂಬಿ ಬೆಸೆಯುತ್ತಾರೆ.

ಮತ್ತೊಬ್ಬ ಕೆಲಸಗಾರನ ಹೆಸರು ಏಡಾ. ಕೆಲವು ರಾಸಾಯನಿಕಗಳು ಗ್ವಾನೀನಿಗೆ ಮೀಥೈಲ್ ಎಂಬ ಸಣ್ಣ ಗುಂಪೊಂದನ್ನು ಅಂಟಿಸಿಬಿಡುತ್ತವೆ. ಆಗ ಅದು ನಕಲಿನ ಹೊತ್ತಿಗೆ ಅಡಿನೀನಿನಂತೆ ಕಂಡು ಮೋಸ ಮಾಡುತ್ತದೆ. ಏಡಾ ಆ ಮೀಥೈಲನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಒಮ್ಮೆ ಅಂಟಿದುದು ಮತ್ತೆ ಬಿಡದು. ಆದುದರಿಂದ ಅದರ ಆ ಕೈ ಒಂದೇ ಸಲದ ಕೆಲಸಕ್ಕೆ ಮುಡಿಪು. ಒಂದು ಅಕ್ಷರವನ್ನು ಉಳಿಸಲು ಒಂದು ಇಡೀ ಪ್ರೋಟೀನು ಬಲಿ! ಆದರೆ ಏಡಾದ ಮತ್ತೊಂದು ಭಾಗಕ್ಕೆ ಮೀಥೈಲ್ ಅಂಟಿದಾಗ ಅದು ಹೋಗಿ ಏಡಾವನ್ನೇ ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಕೋಶಕ್ಕೆ ಅಪ್ಪಣೆ ಕೊಡುತ್ತದೆ. ಹೀಗೆ, ಸ್ವಲ್ಪ ವಿಷವನ್ನು ಕಂಡ ಬ್ಯಾಕ್ಟೀರಿಯಾ ಹೆಚ್ಚು ವಿಷವನ್ನು ಎದುರಿಸಲು ಸಿದ್ಧವಾಗುತ್ತದೆ. ಈ ಸಿದ್ಧತೆಯನ್ನು ೧೯೭೭ರಲ್ಲಿ ಕಂಡುಹಿಡಿದವರು ಲಿಯೋನಾ ಸ್ಯಾಮ್ಸನ್ ಮತ್ತು ಜಾನ್ ಕೇರ್ನ್ಸ್.

ನಕಲಿನ ತಪ್ಪು

ಇನ್ನು ನಮ್ಮ ಹುಡುಗನ ಪ್ರಶ್ನೆಗೇ ನೇರವಾಗಿ ಬರೋಣ. ಇ. ಕೋಲೈಯಲ್ಲಿ ನಕಲು ನಡೆಯುವುದು ಸೆಕೆಂಡಿಗೆ ಸುಮಾರು ೧೦೦೦ ಅಕ್ಷರಗಳ ವೇಗದಲ್ಲಿ. ಬರೆಹಗಾರನು ಲಕ್ಷಕ್ಕೊಂದರಂತೆ ತಪ್ಪು ಅಕ್ಷರ ಹಾಕುತ್ತಾನೆ. ಆದರೆ ಬರೆದ ಅಕ್ಷರವನ್ನು ಆಗಲೇ ನೋಡಿ, ಹೊಂದದಿದ್ದರೆ ಅಳಿಸುವ ಅಭ್ಯಾಸವೂ ಅವನಿಗಿದೆ. ಇದರಿಂದ ತಪ್ಪು ಕೋಟಿಗೊಂದರ ಸಮೀಪಕ್ಕೆ ಇಳಿಯುತ್ತದೆ. ಅಷ್ಟಾದರೂ ೪೬ ಲಕ್ಷ ಅಕ್ಷರಗಳ ಗ್ರಂಥದಲ್ಲಿ ಎರಡು ಮೂರು ನಕಲಿಗೊಂದು ತಪ್ಪು ಉಳಿದೀತು. ಅದನ್ನು ಹಿಡಿಯುವವರೇ ಮ್ಯೂಟ್-ಎಸ್, ಮ್ಯೂಟ್-ಎಲ್, ಮ್ಯೂಟ್-ಎಚ್ ಎಂಬ ಮೂವರು.

ಮ್ಯೂಟ್-ಎಸ್ ಪ್ರೋಟೀನಿನ ಆಕಾರವನ್ನು ೨೦೦೦ದಲ್ಲಿ ಎಕ್ಸ್‌ರೇಯ ಸಹಾಯದಿಂದ ಕಂಡಾಗ ಅದು ನಮಸ್ಕಾರಕ್ಕೆ ಜೋಡಿಸಿದ ಎರಡು ಕೈಗಳಂತೆ ತೋರಿತು. ಆ ಕೈಗಳ ನಡುವೆ ಡಿ.ಎನ್.ಎ. ಎಳೆ ಹಾದುಹೋಗುತ್ತದೆ. ಸರಿಯಾದ ಜೋಡಿಗಳಿರುವೆಡೆ ಎಳೆ ಬಿಗಿಯಾಗಿರುತ್ತದೆ. ತಪ್ಪು ಜೋಡಿಯಿರುವೆಡೆ ಸಡಿಲ. ಆ ಸಡಿಲಿನಲ್ಲಿ ಮ್ಯೂಟ್-ಎಸ್ ಒಂದು ಅಮೈನೋ ಆಮ್ಲವನ್ನು ಬೆಣೆಯಂತೆ ತೂರಿಸಿ, ಎಳೆಯನ್ನು ಸುಮಾರು ೬೦ ಡಿಗ್ರಿ ಬಾಗಿಸುತ್ತದೆ. ಬಾಗಿತೆಂದರೆ ತಪ್ಪು ಸಿಕ್ಕಿತೆಂದು ಅರ್ಥ.

ಆದರೆ ಇಲ್ಲೊಂದು ದೊಡ್ಡ ತೊಡಕಿದೆ. ಗ್ವಾನೀನಿನ ಎದುರು ಥೈಮೀನ್ ಕುಳಿತಿದೆ. ಇಬ್ಬರಲ್ಲಿ ತಪ್ಪು ಯಾರದು? ಎರಡೂ ಸಾಚಾ ಅಕ್ಷರಗಳೇ. ಹಳೆಯ ಎಳೆಯನ್ನೇ ತಪ್ಪೆಂದು ಭಾವಿಸಿ ತಿದ್ದಿದರೆ ಮೂಲಗ್ರಂಥವೇ ಕೆಟ್ಟಂತಾಯಿತು. ಬರೆದ ಮಸಿ ಇನ್ನೂ ಒಣಗದಿದ್ದರೆ ಹೊಸ ಬರವಣಿಗೆ ಯಾವುದೆಂದು ನೋಡಿದೊಡನೆ ತಿಳಿಯುತ್ತದಷ್ಟೆ. ಬ್ಯಾಕ್ಟೀರಿಯಾದ ಉಪಾಯವೂ ಇಂತಹದೇ. ಗ್ವಾನೀನ್, ಅಡಿನೀನ್, ಥೈಮೀನ್, ಸೈಟೋಸೀನ್ ಎಂಬ ನಾಲ್ಕು ಅಕ್ಷರಗಳು ಈ ಕ್ರಮದಲ್ಲಿ ಬಂದೆಡೆಯಲ್ಲೆಲ್ಲ ಅಡಿನೀನಿಗೆ ಒಂದು ಮೀಥೈಲ್ ಬೊಟ್ಟನ್ನು ಇಡುವ ಪದ್ಧತಿ ಅದಕ್ಕಿದೆ. ಹೊಸ ಎಳೆಗೆ ಈ ಬೊಟ್ಟು ಬೀಳುವುದು ಸ್ವಲ್ಪ ತಡವಾಗಿ. ಆ ಅಲ್ಪಾವಕಾಶದಲ್ಲಿ ಬೊಟ್ಟಿದ್ದ ಎಳೆ ಹಳೆಯದು, ಇಲ್ಲದ್ದು ಹೊಸದು. ಮ್ಯೂಟ್-ಎಸ್ ತಪ್ಪನ್ನು ಹಿಡಿದೊಡನೆ ಮ್ಯೂಟ್-ಎಲ್ ಮಧ್ಯಸ್ಥನಾಗಿ ಸುದ್ದಿ ಮುಟ್ಟಿಸುತ್ತದೆ. ಮ್ಯೂಟ್-ಎಚ್ ಬೊಟ್ಟಿಲ್ಲದ ಎಳೆಯನ್ನು ಮಾತ್ರ ಕತ್ತರಿಸುತ್ತದೆ. ಅಲ್ಲಿಂದ ತಪ್ಪಿನವರೆಗೂ ಎಳೆಯನ್ನು ಬಿಚ್ಚಿ ತೆಗೆದು, ಹೊಸದಾಗಿ ಬರೆದು, ಬೆಸೆಯಲಾಗುತ್ತದೆ. ಒಂದು ಅಕ್ಷರದ ತಪ್ಪಿಗಾಗಿ ನೂರಾರು ಅಕ್ಷರಗಳನ್ನು ಅಳಿಸಿ ಬರೆಯಲೂ ಇದು ಹಿಂಜರಿಯುವುದಿಲ್ಲ.

ಈ ಕ್ರಮವನ್ನೆಲ್ಲ ಅಮೆರಿಕದ ಪಾಲ್ ಮಾಡ್ರಿಚ್ ಎಂಬವರು ಬಿಡಿಬಿಡಿಯಾಗಿ ಬೇರ್ಪಡಿಸಿದ ಪ್ರೋಟೀನುಗಳಿಂದ ೧೯೮೯ರಲ್ಲಿ ಪ್ರಯೋಗನಳಿಕೆಯಲ್ಲಿ ಮತ್ತೆ ಕಟ್ಟಿ ತೋರಿಸಿದರು. ಲಿಂಡಾಲ್, ಮಾಡ್ರಿಚ್, ಸಂಜರ್ ಇವರೇ ನಾವು ಮೊದಲು ಹೇಳಿದ ಮೂವರು. ಈ ಮೂರನೆಯ ತಿದ್ದುಪಡಿಯೂ ಆದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೊಂದು, ಇಲ್ಲವೆ ಅದಕ್ಕಿಂತಲೂ ಕಡಿಮೆ. ಮ್ಯೂಟ್-ಎಸ್ ಮತ್ತು ಮ್ಯೂಟ್-ಎಲ್‌ಗಳ ನೆಂಟರು ನಮ್ಮ ದೇಹದಲ್ಲಿಯೂ ಇದ್ದಾರೆ. ಅವು ಹುಟ್ಟಿನಿಂದಲೇ ಕೆಟ್ಟಿರುವ ಕೆಲವು ಮನೆತನಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಲೆತಲಾಂತರವಾಗಿ ಬರುತ್ತದೆಂದು ೧೯೯೩ರಲ್ಲಿ ತಿಳಿದುಬಂದಿತು. ಕರುಳಿನ ಹುಳುವಿನಲ್ಲಿ ಕಂಡ ಸತ್ಯವು ಮನುಷ್ಯನ ರೋಗಕ್ಕೆ ಬೆಳಕು ಹಿಡಿದುದು ಹೀಗೆ.

ಎರಡೂ ಪ್ರತಿಗಳು ಹರಿದರೆ?

ಇಲ್ಲಿಯವರೆಗಿನ ದುರಸ್ತಿಗಳಲ್ಲೆಲ್ಲ ಒಂದು ಎಳೆ ಸರಿಯಾಗಿತ್ತು, ಇಲ್ಲವೆ ಕೇಡನ್ನೇ ನೇರವಾಗಿ ಕಳೆಯಬಹುದಾಗಿತ್ತು. ಎಕ್ಸ್‌ರೇಯಂತಹ ಪ್ರಬಲ ಕಿರಣವು ಎರಡು ಎಳೆಗಳನ್ನೂ ಒಟ್ಟಿಗೆ ತುಂಡರಿಸಿದರೆ ಯಾವುದನ್ನು ನೋಡಿ ಬರೆಯುವುದು? ಇಂತಹ ಸಂಕಟದಲ್ಲಿ ಬ್ಯಾಕ್ಟೀರಿಯಾ ತನ್ನಲ್ಲಿರುವ ಗ್ರಂಥದ ಇನ್ನೊಂದು ನಕಲನ್ನು ಆಶ್ರಯಿಸುತ್ತದೆ. ಮೊದಲು ರೆಕ್-ಬಿಸಿಡಿ ಎಂಬ ಮೂರು ಪ್ರೋಟೀನುಗಳ ಯಂತ್ರವು ತುಂಡಾದ ತುದಿಯನ್ನು ಹಿಡಿದು, ಎರಡು ಮೋಟಾರುಗಳಿಂದ ಎಳೆಗಳನ್ನು ಬಿಚ್ಚುತ್ತ ಕತ್ತರಿಸುತ್ತ ಓಡುತ್ತದೆ. ಖೈ ಎಂಬ ಎಂಟು ಅಕ್ಷರಗಳ ಗುರುತು ಸಿಕ್ಕಿದೊಡನೆ ತನ್ನ ಕ್ರಮವನ್ನು ಬದಲಿಸಿ, ಒಂಟಿ ಎಳೆಯೊಂದನ್ನು ಉಳಿಸಿಕೊಡುತ್ತದೆ. ಇ. ಕೋಲೈಯ ಗ್ರಂಥದಲ್ಲಿ ಈ ಗುರುತು ಸುಮಾರು ಸಾವಿರ ಕಡೆ ಇದೆ.

ಆ ಒಂಟಿ ಎಳೆಯ ಮೇಲೆ ರೆಕ್-ಎ ಎಂಬ ಪ್ರೋಟೀನು ಸಾಲಾಗಿ ಏರಿ ಕುಳಿತುಕೊಳ್ಳುತ್ತದೆ. ಇದರ ಜೀನನ್ನು ೧೯೬೫ರಲ್ಲಿ ಕ್ಲಾರ್ಕ್ ಮತ್ತು ಮಾರ್ಗ್ಯುಲೀಸ್ ಗುರುತಿಸಿದರು. ಪ್ರತಿಯೊಂದು ರೆಕ್-ಎ ೩೫೨ ಮಣಿಗಳ ಸರ. ಸುರುಳಿಯ ಒಂದೊಂದು ಸುತ್ತಿಗೆ ಆರರಂತೆ ಕುಳಿತು ಎಳೆಯನ್ನು ಒಂದೂವರೆಯಷ್ಟು ಉದ್ದಕ್ಕೆ ಜಗ್ಗಿ ಹಿಡಿಯುತ್ತವೆ. ಹೀಗೆ ಸಜ್ಜಾದ ಎಳೆಯು ಇನ್ನೊಂದು ನಕಲಿನಲ್ಲಿ ತನಗೆ ಹೊಂದುವ ಪಾಠವೆಲ್ಲಿದೆಯೆಂದು ಹುಡುಕಿ, ಅಲ್ಲಿ ಸೇರಿಕೊಂಡು, ಕಳೆದುದನ್ನು ನೋಡಿ ಬರೆದುಕೊಳ್ಳುತ್ತದೆ. ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿರುವ ರೆಕ್-ಎಯ ಆಕಾರವನ್ನು ೨೦೦೦ದಲ್ಲಿ ಪ್ರಕಟಪಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಕೆ. ಮುನಿಯಪ್ಪ ಮತ್ತು ಅವರ ಸಂಗಡಿಗರು. ಈ ಶಾಸ್ತ್ರವು ದೂರದೇಶದ್ದು ಮಾತ್ರವೆಂದು ನಮ್ಮ ಮಕ್ಕಳು ತಿಳಿಯಬಾರದು.

ಈ ಕಲೆಯಲ್ಲಿ ಎಲ್ಲರಿಗೂ ಗುರುವೆನಿಸಿದುದು ಡೈನೊಕಾಕ್ಕಸ್ ರೇಡಿಯೊಡ್ಯೂರಾನ್ಸ್. ೧೯೫೬ರಲ್ಲಿ ಅಮೆರಿಕದ ಆರಿಗನ್ನಿನಲ್ಲಿ ಡಬ್ಬಿಯ ಮಾಂಸವನ್ನು ಕಿರಣಗಳಿಂದ ಶುದ್ಧಿ ಮಾಡಲು ಹೊರಟಾಗ, ಸಾಯದೆ ಉಳಿದ ಜೀವಿಯಿದು. ಮನುಷ್ಯನನ್ನು ಕೊಲ್ಲುವ ಪ್ರಮಾಣಕ್ಕಿಂತ ಸಾವಿರ ಪಟ್ಟು ಕಿರಣವನ್ನು ಸಹಿಸುತ್ತದೆ. ಅದರ ಡಿ.ಎನ್.ಎ. ನೂರಾರು ಚೂರಾದರೂ ಕೆಲವೇ ಗಂಟೆಗಳಲ್ಲಿ ಮತ್ತೆ ಒಂದಾಗುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣವೇನೆಂದರೆ, ಅದು ತನ್ನ ದುರಸ್ತಿ ಪ್ರೋಟೀನುಗಳನ್ನು ಕೇಡಿನಿಂದ ಚೆನ್ನಾಗಿ ರಕ್ಷಿಸಿಕೊಂಡಿರುತ್ತದೆ. ಮನೆಗೆ ಬೆಂಕಿ ಬಿದ್ದರೂ ಆಚಾರಿ ಉಳಿದಿದ್ದರೆ ಮನೆ ಮತ್ತೆ ಏಳುತ್ತದಲ್ಲವೆ?

ಆಪತ್ತಿನ ಕೂಗು

ಈ ಕೆಲಸಗಾರರನ್ನೆಲ್ಲ ಸದಾ ಸಾಕುವುದು ಬ್ಯಾಕ್ಟೀರಿಯಾಕ್ಕೆ ಕಟ್ಟುವುದಿಲ್ಲ. ಆದುದರಿಂದ ಲೆಕ್ಸ್-ಎ ಎಂಬ ಪ್ರೋಟೀನು ಕಾವಲುಗಾರನಂತೆ ಸುಮಾರು ೪೦ ಜೀನುಗಳ ಮೇಲೆ ಕುಳಿತು ಅವುಗಳನ್ನು ಅದುಮಿ ಹಿಡಿದಿರುತ್ತದೆ. ಡಿ.ಎನ್.ಎ. ಕೆಟ್ಟು ಒಂಟಿ ಎಳೆಗಳ ಮೇಲೆ ರೆಕ್-ಎ ಸಾಲುಗೊಂಡಾಗ, ಆ ಸಾಲನ್ನು ಮುಟ್ಟಿದ ಲೆಕ್ಸ್-ಎ ತನ್ನನ್ನು ತಾನೇ ಎರಡಾಗಿ ಕತ್ತರಿಸಿಕೊಳ್ಳುತ್ತದೆ. ಕಾವಲು ತೆರೆಯಿತು, ದುರಸ್ತಿಗಾರರ ದಂಡೇ ಸಿದ್ಧವಾಯಿತು. ಮುಳುಗುವ ಹಡಗು ಕಳುಹಿಸುವ ಕರೆಯ ಹೆಸರನ್ನೇ ಇದಕ್ಕಿಟ್ಟು ಎಸ್.ಓ.ಎಸ್. ಎಂದು ಕರೆದಿದ್ದಾರೆ. ಇದನ್ನು ಬಯಲಿಗೆ ತಂದವರು ಎವಲಿನ್ ವಿಟ್ಕಿನ್ ಎಂಬ ಮಹಿಳೆ ಮತ್ತು ಮಿರೊಸ್ಲಾವ್ ರಾಡ್ಮನ್. ವಿಟ್ಕಿನ್ ಅವರು ೧೦೨ ವರ್ಷಗಳ ತುಂಬುಜೀವನ ನಡೆಸಿ ೨೦೨೩ರಲ್ಲಿ ತೀರಿಕೊಂಡರು.

ದಂಡಿನಲ್ಲಿ ಕಡೆಗೆ ಬರುವವನೊಬ್ಬನಿದ್ದಾನೆ. ಅವನ ಹೆಸರು ಐದನೆಯ ಪಾಲಿಮರೇಸ್. ಕೆಟ್ಟ ಅಕ್ಷರದ ಎದುರು ಬೇರೆಯವರು ನಿಂತುಬಿಟ್ಟರೆ, ಇವನು ತೋಚಿದ ಅಕ್ಷರವನ್ನು ಹಾಕಿ ದಾಟಿಸುತ್ತಾನೆ. ಜೀವ ಉಳಿಯುತ್ತದೆ, ತಪ್ಪುಗಳೂ ಉಳಿಯುತ್ತವೆ. ಆ ತಪ್ಪುಗಳಲ್ಲಿ ಬಹುಪಾಲು ನಿರರ್ಥಕ ಇಲ್ಲವೆ ಹಾನಿಕರ. ಅಪರೂಪಕ್ಕೊಂದು ಮಾತ್ರ ಬ್ಯಾಕ್ಟೀರಿಯಾಕ್ಕೆ ವರವಾಗಿ ಪರಿಣಮಿಸಬಹುದು: ಔಷಧಕ್ಕೆ ಬಗ್ಗದ ಶಕ್ತಿಯಾಗಿ.

ತಾಯ್ತಂದೆಗಳು ಗಮನಿಸಬೇಕಾದುದು ಇಲ್ಲಿಯೇ. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಕೆಲವು ಆಂಟಿಬಯೋಟಿಕ್ ಔಷಧಗಳು ಬ್ಯಾಕ್ಟೀರಿಯಾದ ಡಿ.ಎನ್.ಎ.ಯನ್ನು ತುಂಡರಿಸಿ ಕೊಲ್ಲುತ್ತವೆ. ಔಷಧವು ಕೊಲ್ಲುವಷ್ಟು ಇಲ್ಲದೆ ಕೆಣಕುವಷ್ಟು ಮಾತ್ರ ಇದ್ದರೆ, ಈ ಆಪತ್ತಿನ ಕೂಗು ಎದ್ದು, ತಪ್ಪುಗಳು ಹೆಚ್ಚಿ, ಔಷಧಕ್ಕೆ ಬಗ್ಗದ ತಳಿ ಹುಟ್ಟಲು ಅವಕಾಶವಾಗುತ್ತದೆ. ಲೆಕ್ಸ್-ಎ ತನ್ನನ್ನು ಕತ್ತರಿಸಿಕೊಳ್ಳಲಾಗದಂತೆ ಮಾಡಿದ ಇ. ಕೋಲೈಯು ಈ ಔಷಧವನ್ನು ಎದುರಿಸುವ ಶಕ್ತಿಯನ್ನು ಬೆಳೆಸಿಕೊಳ್ಳಲಾರದೆ ಹೋಯಿತೆಂದು ೨೦೦೫ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಜ್ವರಕ್ಕೆಂದು ವೈದ್ಯರು ಕೊಟ್ಟ ಇಂತಹ ಮಾತ್ರೆಗಳನ್ನು, ಎರಡು ದಿನದಲ್ಲಿ ಮೈ ಹಗುರಾಯಿತೆಂದು ಬಿಟ್ಟೆವು. ಉಳಿದುವನ್ನು ವ್ಯರ್ಥ ಮಾಡಬಾರದೆಂದು ಕಪಾಟಿನಲ್ಲಿಟ್ಟು, ಆರು ತಿಂಗಳ ಮೇಲೆ ನಮ್ಮ ತಂಗಿಯ ಮಗನಿಗೆ ಕೆಮ್ಮು ಬಂದಾಗ ಅವುಗಳನ್ನೇ ಕೊಟ್ಟೆವು. ಮಿತವ್ಯಯವೆಂದು ಆಗ ಹೆಮ್ಮೆಯಾಗಿತ್ತು. ಈ ವಿಷಯವನ್ನು ಓದಿದ ರಾತ್ರಿ ಆ ಹೆಮ್ಮೆ ಇಳಿಯಿತು. ವೈದ್ಯರು ಹೇಳಿದ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಅವರು ಹೇಳದೆ ಆಂಟಿಬಯೋಟಿಕ್ ಮಾತ್ರೆಯನ್ನು ಮುಟ್ಟಬಾರದು. ಒಬ್ಬರದನ್ನು ಮತ್ತೊಬ್ಬರಿಗೆ ಕೊಡಬಾರದು. ಈ ಮೂರು ಮಾತುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಇಂದೇ ಓದಿ ಹೇಳಲಿ.

ಕಡೆಯ ಮಾತು

ಹಾಗಾದರೆ, ತಪ್ಪನ್ನು ತಿದ್ದುವವರು ಯಾರು? ಒಬ್ಬರಲ್ಲ, ಹಲವರು. ಬರೆಯುವಾಗಲೇ ನೋಡುವವನೊಬ್ಬ, ಬರೆದಾದ ಮೇಲೆ ನೋಡುವವನೊಬ್ಬ, ಗಂಟು ಬಿಚ್ಚುವವನೊಬ್ಬ, ಕತ್ತರಿಸಿ ತೇಪೆ ಹಾಕುವವನೊಬ್ಬ, ತನ್ನನ್ನೇ ತೆತ್ತು ಉಳಿಸುವವನೊಬ್ಬ. ತಪ್ಪೇ ಆಗದ ಬರೆಹಗಾರನನ್ನು ಪ್ರಕೃತಿಯು ಎಲ್ಲಿಯೂ ಸೃಷ್ಟಿಸಿಲ್ಲ. ತಪ್ಪನ್ನು ಹೊತ್ತಿಗೆ ಸರಿಯಾಗಿ ಕಂಡುಹಿಡಿಯುವುದನ್ನೂ, ಮೂಲ ಯಾವುದು ನಕಲು ಯಾವುದು ಎಂಬ ವಿವೇಕ ತಪ್ಪದೆ ತಿದ್ದುವುದನ್ನೂ ಅದು ಏರ್ಪಡಿಸಿದೆ. ನೂರು ಕೋಟಿಗೊಂದರಂತೆ ತಿದ್ದದೆ ಉಳಿದ ತಪ್ಪುಗಳು ಕೂಡ ಎಲ್ಲವೂ ವ್ಯರ್ಥವಲ್ಲ. ಭೂಮಿಯ ಮೇಲಿನ ಜೀವವೈವಿಧ್ಯಕ್ಕೆ ಅವೇ ಬೀಜ.

ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆಗಳನ್ನು ಕಂಡು ಮುಖ ಬಾಡಿಸಿಕೊಳ್ಳುವ ಮಕ್ಕಳೂ, ಅದನ್ನು ಕಂಡು ಗದರುವ ಹಿರಿಯರೂ ಇದನ್ನೊಮ್ಮೆ ನೆನೆಯಲಿ. ಪ್ರಶ್ನೆ ಕೇಳಿದ ಹುಡುಗನು ಈಗ ಮೇಲಿನ ತರಗತಿಗೆ ಹೋಗಿದ್ದಾನೆ. ಅವನ ಋಣವನ್ನು ಇಷ್ಟರಮಟ್ಟಿಗೆ ತೀರಿಸಿದ್ದೇವೆ. ಈ ಲೇಖನದ ನಕಲಿನಲ್ಲಿ ನಮ್ಮಿಂದ ತಪ್ಪೇನಾದರೂ ಉಳಿದಿದ್ದರೆ, ಅವನೇ ಎದ್ದುನಿಂತು ತಿದ್ದಲಿ.